ಮಾತು ಬಿಟ್ಟ ಹದಿನೈದು ದಿನ

ಭಾಲ್ಕಿಯ ಶಾಲೆಯಲ್ಲಿ ಏಳನೆಯ ತರಗತಿಯ ಹಾಜರಿ ಕರೆಯುತ್ತಿದ್ದೆ. ಹನ್ನೆರಡನೆಯ ಹೆಸರಿಗೆ ನನ್ನ ಬಾಯಿಂದ ದನಿಯ ಬದಲು ಬರೀ ಗಾಳಿ ಬಂತು. ಶೀತ ಅಂದುಕೊಂಡೆ. ಒಂದೂವರೆ ತಿಂಗಳು ಹಾಗೇ ಅಂದುಕೊಂಡೆ.

ಬೀದರಿನ ಡಾಕ್ಟರು ಮೂಗಿನೊಳಗಿಂದ ತೆಳ್ಳನೆಯ ಕ್ಯಾಮೆರಾ ಇಳಿಸಿದರು. ಪರದೆಯ ಮೇಲೆ ನನ್ನ ವೋಕಲ್ ಕಾರ್ಡ್ ಕಂಡವು. ಎರಡು ಬಿಳಿ ಎಳೆ, ಒಂದರ ಮೇಲೆ ಗಂಟು. ಇಪ್ಪತ್ತಾರು ವರ್ಷ ಪಾಠ ಹೇಳಿದ್ದು ಇಷ್ಟು ಸಣ್ಣ ಎಳೆಗಳೇ ಎಂದು ಬೆರಗಾಯಿತು. ಭಯ ಆಮೇಲೆ ಬಂತು.

“ಗಂಟು ತೆಗೆದು ಬಯಾಪ್ಸಿಗೆ ಕಳಿಸೂಣ್ರಿ. ಆಮ್ಯಾಲ ಹದಿನೈದು ದಿನ ಮಾತಾಡಬ್ಯಾಡ್ರಿ. ಪಿಸುಮಾತೂ ಬ್ಯಾಡ,” ಅಂದರು ಡಾಕ್ಟರು.

“ಕ್ಯಾನ್ಸರ್ ಏನ್ರಿ?” ನನ್ನ ಗಂಡ ಕೇಳಿದರು.

“ರಿಪೋರ್ಟ್ ಬರ್ಲಿರಿ.”

ಅಲ್ಲ ಅನ್ನಲಿಲ್ಲ.

ಆಪರೇಷನ್ ಆಗಿ ಬೀದರಿನ ನೌಬಾದದ ನಮ್ಮ ಮನೆಗೆ ಬಂದ ಮರುದಿನವೇ ಪಕ್ಕದ ಮನೆಯ ಶಮೀಮ್ ಆಪಾ ಬಂದರು. ಕೈಯಲ್ಲಿ ಉರ್ದು ಅಕ್ಷರಮಾಲೆ. ಕಲಿಸುತ್ತೇನೆಂದು ಅವರು ಹತ್ತು ವರ್ಷದಿಂದ ಹೇಳುತ್ತಿದ್ದರು; ರಿಟೈರ್ ಆದ ಮೇಲೆ ಎಂದು ನಾನೂ ಹತ್ತು ವರ್ಷದಿಂದ ಹೇಳುತ್ತಿದ್ದೆ. ಊರಿನ ಅಂಗಡಿ ಬೋರ್ಡುಗಳಲ್ಲಿ ಅರ್ಧ ನನಗೆ ಓದಲು ಬರುತ್ತಿರಲಿಲ್ಲ, ಆಸೆಯಂತೂ ಇತ್ತು.

“ಡಾಕ್ಟರು ಮಾತಾಡ್ಲಿಕ್ಕಿ ಮನಾ ಮಾಡ್ಯಾರ. ಬರೀಲಿಕ್ಕಿ ಮನಾ ಮಾಡಿಲ್ಲಲ್ರಿ ಟೀಚರ್?” ಅಂದರು.

ದಿನಾ ಸಂಜೆ ಕೂತೆವು. ಒಂದೇ ದೋಣಿಯಂಥ ಗೆರೆ, ಕೆಳಗೆ ಒಂದು ಚುಕ್ಕೆ ಇಟ್ಟರೆ ಬೇ, ಮೂರಿಟ್ಟರೆ ಪೇ. ದಾಲ್ ಎಂಬ ಅಕ್ಷರ ಯಾಕೆ ಮುಂದಿನ ಅಕ್ಷರಕ್ಕೆ ಕೂಡುವುದಿಲ್ಲ? ಪಾಟಿಯ ಮೇಲೆ ಬರೆದು ಕೇಳಿದೆ.

“ಅದರ ಸ್ವಭಾವನೇ ಹಂಗರಿ. ಹಿಂದಿನವರ ಕೈ ಹಿಡಿತದ, ಮುಂದಿನವರಿಗೆ ಕೈ ಕೊಡಂಗಿಲ್ಲ. ನಮ್ಮ ಮೈದುನ ಇದ್ದಂಗ.”

ನಗಲೂ ದನಿ ಬೇಕಲ್ಲ. ಹೊಟ್ಟೆ ಹಿಡಿದುಕೊಂಡು ಅಲುಗಾಡಿದೆ. ರಿಪೋರ್ಟಿನ ನೆನಪು ಆ ಒಂದು ಗಂಟೆ ಬರಲೇ ಇಲ್ಲವೆಂದು ಆಮೇಲೆ ಅಡುಗೆಮನೆಯಲ್ಲಿ ಗೊತ್ತಾಯಿತು. ರಿಟೈರ್ ಆಗುವವರೆಗೆ ಗಂಟಲು, ಕಣ್ಣು, ಆಪಾ ಎಲ್ಲರೂ ನನಗಾಗಿ ಕಾದಿರುತ್ತಾರೆಂದು ನನಗೆ ಯಾರು ಹೇಳಿದ್ದರೋ.

ಹದಿನೈದು ದಿನ ಮುಗಿದ ಮೇಲೆ ರಿಪೋರ್ಟ್ ಬಂತು. ಕ್ಯಾನ್ಸರ್ ಅಲ್ಲ.

“ಒದರಬ್ಯಾಡ್ರಿ. ಮತ್ತ ಬಂದರೂ ಬರಬಹುದು, ಮೂರು ತಿಂಗಳಿಗೊಮ್ಮೆ ತೋರಸ್ರಿ,” ಅಂದರು ಡಾಕ್ಟರು. ಹೂಂ ಅಂದೆ. ದನಿ ಒಡೆದಿತ್ತು, ಆದರೆ ನನ್ನದೇ.

ಅಂದು ಸಂಜೆ ಆಪಾ ತಮ್ಮ ಮನೆಮಾತಾದ ದಖನಿ ಉರ್ದುವಿನಲ್ಲೇ ಒಂದು ಸಾಲು ಬರೆದು ಮುಂದಿಟ್ಟರು. ಅಷ್ಟು ದಿನ ಕಣ್ಣಿಂದ ಕಲಿತ ಅಕ್ಷರಗಳನ್ನು ಬಾಯಿಂದ ಹೇಳುವುದು ಅದೇ ಮೊದಲು. ಬಲದಿಂದ ಎಡಕ್ಕೆ ಬೆರಳಿಟ್ಟು ತಡವರಿಸಿದೆ.

“ಚಾ… ಠಂಡಿ… ಹೋರಿ.”

ಚಹಾ ಆರುತ್ತಿದೆ. ಓದಿ ಮುಗಿಸುವಷ್ಟರಲ್ಲಿ ನಿಜಕ್ಕೂ ಆರಿತ್ತು. ಇಬ್ಬರೂ ಹಾಗೇ ಕುಡಿದೆವು.