ಹಾಲಿನ ಪರೀಕ್ಷಕಿ ಗೋಡೆಗೆ ಬರೆದ ತಾರೀಖು

ಬೆಳಗಿನ ಐದೂವರೆ. ದೇವನಹಳ್ಳಿ ತಾಲ್ಲೂಕಿನ ಆವತಿಗೆ ಹತ್ತಿರದ ಹಳ್ಳಿಯೊಂದರಲ್ಲಿ ಮಹಿಳಾ ಡೇರಿಯ ಶಟರ್ ಮೇಲೇಳುತ್ತದೆ. ಸಂಕ್ರಾಂತಿ ಕಳೆದರೂ ಚಳಿ ಬಿಟ್ಟಿಲ್ಲ. ತಲೆಗೆ ಟವೆಲ್ ಸುತ್ತಿಕೊಂಡ ಹೆಂಗಸರು ಕ್ಯಾನು ಹಿಡಿದು ಸಾಲಾಗಿ ನಿಂತಿದ್ದಾರೆ. ಒಳಗೆ ಜ್ಯೋತಿಲಕ್ಷ್ಮಿ ಸ್ವೆಟರಿನ ತೋಳು ಮೇಲೇರಿಸಿ, ಮೊದಲ ಕ್ಯಾನಿನ ಹಾಲನ್ನು ಉದ್ದನೆಯ ಜಾಡಿಗೆ ಸುರಿದು ಲ್ಯಾಕ್ಟೋಮೀಟರ್ ಇಳಿಬಿಡುತ್ತಾರೆ. ಗಾಜಿನ ಆ ಕಡ್ಡಿ ತೇಲಾಡಿ ನಿಲ್ಲುತ್ತದೆ. ಅಂಕಿ ಇಪ್ಪತ್ತಾರಕ್ಕಿಂತ ಕೆಳಗಿದ್ದರೆ ಹಾಲಿಗೆ ನೀರು ಬೆರೆತಿದೆ ಎಂದರ್ಥ.

“ಇಪ್ಪತ್ಮೂರು,” ಎಂದು ಅವರು ತಲೆಯೆತ್ತಿ ನೋಡುತ್ತಾರೆ. “ಏನಕ್ಕಾ, ರಾತ್ರಿ ನಿಮ್ ಕೊಟ್ಟಿಗೇಲಿ ಮಾತ್ರ ಮಳೆ ಬಂದಿತ್ತಾ?”

ಸಾಲು ಗೊಳ್ಳೆಂದು ನಗುತ್ತದೆ. ಕ್ಯಾನಿನ ಒಡತಿಯೂ ನಕ್ಕು, ಸೆರಗಲ್ಲಿ ಮುಖ ಒರೆಸಿಕೊಂಡು ಹಾಲು ವಾಪಸ್ ಒಯ್ಯುತ್ತಾರೆ. ಜಗಳವಿಲ್ಲ. ಏಳು ವರ್ಷದ ಹಿಂದೆ ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ಈಕೆ ತನ್ನ ಅತ್ತೆ ಲಕ್ಕಮ್ಮನ ಹಾಲನ್ನು ನೀರಿದೆ ಅಂತ ಎಲ್ಲರೆದುರು ಹಿಂದಕ್ಕೆ ಕಳಿಸಿದವರು. ಆ ಮೇಲೆ ಅವರೊಂದಿಗೆ ವಾದಕ್ಕೆ ನಿಲ್ಲುವ ಧೈರ್ಯ ಊರಲ್ಲಿ ಯಾರಿಗೂ ಉಳಿದಿಲ್ಲ.

ಎಂಬತ್ತಾರು ಮನೆಗಳು, ಬೆಳಿಗ್ಗೆ ನಾನೂರು ಲೀಟರ್, ಸಂಜೆ ಅದಕ್ಕಿಂತ ಸ್ವಲ್ಪ ಕಡಿಮೆ. ಹಬ್ಬವಿರಲಿ, ಜ್ವರವಿರಲಿ, ದಿನಕ್ಕೆ ಎರಡು ಹೊತ್ತು ಶಟರ್ ಎತ್ತಲೇಬೇಕು. ಹಸುವಿಗೆ ಭಾನುವಾರ ಗೊತ್ತಿಲ್ಲವಲ್ಲ. ಯಾರ ಮನೆಯ ಹಸು ಎಷ್ಟನೇ ಕರುವಿನದು, ಯಾವುದಕ್ಕೆ ಬೆದೆ ತಪ್ಪಿದೆ, ಯಾವುದು ಎಂದು ಈಯುತ್ತದೆ ಎಂಬುದೆಲ್ಲ ಅವರ ನಾಲಿಗೆ ತುದಿಯಲ್ಲಿದೆ. ತಾರೀಖು ಮರೆಯುವ ಜಾಯಮಾನವೇ ಅವರದಲ್ಲ. ಮರೆತಿದ್ದು ಒಂದೇ ಒಂದು, ಅದೂ ತನ್ನದೇ ತಾರೀಖು.

ದೊಡ್ಡಬೆಳವಂಗಲದಲ್ಲಿ ಹುಟ್ಟಿ ಪಿಯುಸಿ ಮುಗಿಸಿದ ಜ್ಯೋತಿಲಕ್ಷ್ಮಿಗೆ ಈಗ ಮೂವತ್ತು. ಮದುವೆಯಾಗಿ ಎಂಟು ವರ್ಷ. ಗಂಡ ನವೀನ್‌ಕುಮಾರ್ ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ಪಾಳಿ ಕೆಲಸಕ್ಕೆ ಹೋಗುತ್ತಾರೆ. ಆರು ವರ್ಷದಿಂದ ಇಬ್ಬರೂ ಮಗುವಿಗಾಗಿ ಕಾಯುತ್ತಿದ್ದಾರೆ. ಮುಟ್ಟು ಮೊದಲಿನಿಂದಲೂ ನೆಟ್ಟಗಿರಲಿಲ್ಲ. ಒಮ್ಮೆ ನಲವತ್ತು ದಿನಕ್ಕೆ, ಇನ್ನೊಮ್ಮೆ ಮೂರು ತಿಂಗಳಿಗೆ. ನೆಂಟರು ಹೇಳಿದ ಹರಕೆ, ಕಷಾಯ ಎಲ್ಲ ಮುಗಿದ ಮೇಲೆ ಹೋದ ವರ್ಷ ಗಂಡ ಹೆಂಡತಿ ದೇವನಹಳ್ಳಿಯ ವೈದ್ಯೆ ಪ್ರಮೋದಾ ಅವರ ಬಳಿ ಹೋದರು. ಗಂಡನ ಪರೀಕ್ಷೆಯಲ್ಲಿ ಏನೂ ತೊಂದರೆ ಕಾಣಲಿಲ್ಲ. ಹೆಂಡತಿಗೆ ಅಂಡಾಶಯದಲ್ಲಿ ಅಂಡ ಸರಿಯಾಗಿ ಬೆಳೆಯದ ಪಿಸಿಓಡಿ ಎಂದಾಯಿತು. ಮುಟ್ಟು ಬರಿಸಲು ಹತ್ತು ದಿನ ಹಾರ್ಮೋನ್ ಮಾತ್ರೆ, ಬಂದ ಎರಡನೇ ದಿನದಿಂದ ಅಂಡ ಬೆಳೆಯಲು ಐದು ದಿನ ಇನ್ನೊಂದು ಮಾತ್ರೆ, ಆಮೇಲೆ ಸ್ಕ್ಯಾನ್. ಈ ಚಿಕಿತ್ಸೆಯಲ್ಲಿ ಎಲ್ಲವೂ ತಾರೀಖಿನ ಮೇಲೆ ನಡೆಯುತ್ತದೆ.

ಆದರೆ ಎರಡು ತಿಂಗಳು ಕಳೆದರೂ ವೈದ್ಯೆಯ ಲೆಕ್ಕ ಕೂಡಲಿಲ್ಲ. ಬರಬೇಕಾದಾಗ ಮುಟ್ಟು ಬರಲಿಲ್ಲ, ಬಂದದ್ದು ಇನ್ಯಾವಾಗಲೋ. ಬೇರೆ ಏನಾದರೂ ಮಾತ್ರೆ ತಗೊಳ್ತೀರಾ ಎಂದು ಮೂರು ಸಲ ಕೇಳಿದರು. ಮೂರು ಸಲವೂ ಜ್ಯೋತಿಲಕ್ಷ್ಮಿ ಇಲ್ಲ ಎಂದರು. ಗೌರಿ ಹಬ್ಬ ಮುಗಿದ ವಾರ, ಸ್ಕ್ಯಾನ್ ರಿಪೋರ್ಟಿಗೆಂದು ಬ್ಯಾಗು ತಡಕಾಡುವಾಗ ಅರ್ಧ ಖಾಲಿಯಾದ ಮಾತ್ರೆಯ ಸ್ಟ್ರಿಪ್ ಒಂದು ವೈದ್ಯೆಯ ಮೇಜಿನ ಮೇಲೆ ಬಿತ್ತು.

“ಇದೇನಮ್ಮ?”

“ಅದು ಪೂಜೆ ಮಾತ್ರೆ ಮೇಡಂ, ಔಷಧಿ ಅಲ್ಲ.”

ಆ ಸೀಮೆಯ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಬ್ಬ, ಗೃಹಪ್ರವೇಶ, ಮನೆದೇವರ ಪೂಜೆ ಬಂತೆಂದರೆ ಮುಟ್ಟು ಮುಂದೂಡುವ ಮಾತ್ರೆ ಮೆಡಿಕಲ್ ಸ್ಟೋರಿನಿಂದ ಹೂವು ಹಣ್ಣಿನ ಜೊತೆಗೇ ಮನೆಗೆ ಬರುತ್ತದೆ. ಅದನ್ನು ಔಷಧಿಯ ಪಟ್ಟಿಗೆ ಯಾರೂ ಸೇರಿಸುವುದಿಲ್ಲ. “ಬೇರೆಯೋರಿಗೆ ಡೇಟ್ ಗೊತ್ತಿರುತ್ತೆ, ಬೇಕಾದಾಗ ಮಾತ್ರ ತಗೋತಾರೆ. ನನ್ದು ಯಾವಾಗ ಬರುತ್ತೋ ನಂಗೇ ಗೊತ್ತಿಲ್ವಲ್ಲ! ಯಾವುದಕ್ಕೂ ಇರ್ಲಿ ಅಂತ ಹಬ್ಬಹಬ್ಬಕ್ಕೂ ನುಂಗ್ಬಿಡ್ತಿದ್ದೆ,” ಎನ್ನುವಾಗ ಅವರಿಗೆ ನಗುವೂ ಬರುತ್ತದೆ, ನಾಚಿಕೆಯೂ ಆಗುತ್ತದೆ.

ವೈದ್ಯೆ ಬೈಯಲಿಲ್ಲ. “ಇದೂ ಹಾರ್ಮೋನೇ ಕಣಮ್ಮ. ನಾನು ಬರ್ಸೋಕೆ ಮಾತ್ರೆ ಕೊಡ್ತಿದೀನಿ, ನೀವು ನಿಲ್ಸೋಕೆ ಮಾತ್ರೆ ನುಂಗ್ತಿದೀರ. ಮಗು ಆಗ್ದಿರೋಕೆ ಇದೇ ಕಾರಣ ಅಂತ ನಾನ್ ಹೇಳಲ್ಲ. ಆದ್ರೆ ಇದನ್ನ ಮುಚ್ಚಿಟ್ರೆ ನಿಮ್ಮ ಮೈ ಏನು ಹೇಳ್ತಿದೆ ಅಂತ ನನಗೆ ಹೇಗೆ ಗೊತ್ತಾಗ್ಬೇಕು? ಗರ್ಭ ನಿಂತಿದ್ರಂತೂ ಇದನ್ನ ಮುಟ್ಟಲೇಬಾರದು,” ಎಂದರು. ಆವತ್ತು ಬಸ್ಸಿನಲ್ಲಿ ಊರಿಗೆ ಬರುವಷ್ಟು ಹೊತ್ತೂ ಜ್ಯೋತಿಲಕ್ಷ್ಮಿ ಅತ್ತರು. ಸಂಜೆ ಐದಕ್ಕೆ ಮುಖ ತೊಳೆದು ಡೇರಿಯ ಶಟರ್ ಎತ್ತಿದರು. ಮೊದಲು ಮಾಡಿದ ಕೆಲಸ, ಗೋಡೆಯ ಕ್ಯಾಲೆಂಡರಿನಲ್ಲಿ ಹಸುಗಳ ತಾರೀಖಿನ ನಡುವೆ ಕೆಂಪು ಪೆನ್ನಿನಿಂದ ತನ್ನದನ್ನೂ ಬರೆದದ್ದು.

ಚಿಕಿತ್ಸೆ ಮತ್ತೆ ಮೊದಲಿನಿಂದ ಶುರುವಾಯಿತು. ಈ ಸಲ ಸ್ಕ್ಯಾನಿನಲ್ಲಿ ಅಂಡ ಬೆಳೆದದ್ದು ಕಂಡಿತು. ಮನೆಯಲ್ಲಿ ಆಸೆ ಚಿಗುರಿತು. ಅಷ್ಟರಲ್ಲಿ ಎದುರಾಯಿತು ಕಾರ್ತಿಕ ಮಾಸದ ಮನೆದೇವರ ದೀಪ. ಎರಡನೇ ಸೋಮವಾರ ಮನೆಯ ಸೊಸೆ ತಂಬಿಟ್ಟಿನ ದೀಪ ಹೊತ್ತು ಗುಡಿಗೆ ಹೋಗಬೇಕು. ಕ್ಯಾಲೆಂಡರಿನಲ್ಲಿ ಮುಂದಿನ ಮುಟ್ಟಿನ ಕೆಂಪು ಗುರುತು ಬಿದ್ದಿದ್ದು ಸರಿಯಾಗಿ ಅದೇ ಸೋಮವಾರಕ್ಕೆ. ಗರ್ಭ ನಿಂತಿದೆಯೋ ಇಲ್ಲವೋ ಗೊತ್ತಾಗಬೇಕಾದ ದಿನವೂ ಅದೇ.

ಮಾವ ಅಪ್ಪಯ್ಯಣ್ಣ ಪದ್ಧತಿಯಂತೆ ಸ್ಟ್ರಿಪ್ ತಂದು ದೇವರ ಗೂಡಿನ ಪಕ್ಕ ಇಟ್ಟರು. ಜ್ಯೋತಿಲಕ್ಷ್ಮಿ ಅದನ್ನು ಎತ್ತಿ ಅತ್ತೆಯ ಕೈಗೆ ಕೊಟ್ಟರು. “ಇದು ನಾನು ನುಂಗಲ್ಲ ಅತ್ತೆ. ಹೊಟ್ಟೇಲಿ ಏನಾದ್ರೂ ನಿಂತಿದ್ರೆ? ಡೇಟ್ ಆದ್ರೆ ಜಗಲಿ ಮೇಲೆ ಕೂತ್ಕೋತೀನಿ, ಯಾರೇನಾದ್ರೂ ಅನ್ಲಿ.”

ಮಾವನಿಗೆ ಕಸಿವಿಸಿ. ಅಣ್ಣತಮ್ಮಂದಿರಿಗೆಲ್ಲ ಹೇಳಿಯಾಗಿದೆ, ಅಡುಗೆಯವರೂ ಒಪ್ಪಿದ್ದಾರೆ. ಡೇರಿಯಲ್ಲಿ ಹೇಗೋ, ಮನೆಯೊಳಗೆ ಎಂಟು ವರ್ಷದಲ್ಲಿ ಸೊಸೆ ಎಂದೂ ಎದುರಾಡಿದವಳಲ್ಲ. ಲಕ್ಕಮ್ಮ ಸ್ಟ್ರಿಪ್ಪನ್ನು ತಿರುಗಿಸಿ ಮುರುಗಿಸಿ ನೋಡಿ, ಗಂಡನ ಅಂಗಿ ಜೇಬಿಗೇ ವಾಪಸ್ ತುರುಕಿದರು.

“ಕಾರ್ತಿಕದಲ್ಲಿ ಒಂದೇ ಸೋಮವಾರ ಇರೋದಾ? ಕಡೇ ಸೋಮವಾರಕ್ಕೆ ದೀಪ ಇಟ್ಕೊಳ್ಳಿ. ಅವ್ಳ ಮೈ ಯಾಕೆ ಮುಂದಕ್ಕೆ ಹಾಕ್ಬೇಕು, ಪೂಜೆನೇ ಮುಂದಕ್ಕೆ ಹಾಕಿ.”

“ದೇವ್ರ ಕೆಲ್ಸ ಕಣೇ, ಮುಂದಕ್ಕೆ ಹಾಕೋದಾ?”

“ಆರು ವರ್ಷದಿಂದ ನಾನು ಕಾಯ್ತಿಲ್ವಾ? ದೇವ್ರು ಹದಿನಾಲ್ಕು ದಿನ ಕಾಯ್ತಾನೆ ಬಿಡಿ.”

ಅಲ್ಲಿಗೆ ಮಾತು ಮುಗಿಯಿತು. ಅಪ್ಪಯ್ಯಣ್ಣ ಮೊಬೈಲ್ ಹಿಡಿದು ಒಬ್ಬೊಬ್ಬ ಅಣ್ಣತಮ್ಮನಿಗೂ ಫೋನ್ ಮಾಡಿದರು. ಕಾರಣ ಕೇಳಿದವರಿಗೆ ಅಡುಗೆಯವರು ಸಿಗಲಿಲ್ಲ ಎಂದರಂತೆ.

ಆ ಸೋಮವಾರ ಬೆಳಿಗ್ಗೆ ಮುಟ್ಟು ಬಂತು. ಗರ್ಭ ನಿಂತಿರಲಿಲ್ಲ. “ದುಃಖ ಆಗ್ಲಿಲ್ಲ ಅಂದ್ರೆ ಸುಳ್ಳಾಗುತ್ತೆ. ಬಚ್ಚಲಲ್ಲಿ ನಿಂತ್ಕೊಂಡು ಅತ್ಬಿಟ್ಟೆ. ನಮ್ಮತ್ತೆ ಬಾಗಿಲಾಚೆಯಿಂದ್ಲೇ, ‘ಹೇಳಿದ್ ದಿನಕ್ಕೇ ಬಂತಾ?’ ಅಂದ್ರು. ಹೂಂ ಅಂದೆ. ‘ಹಂಗಾದ್ರೆ ಅರ್ಧ ದಾರಿ ಬಂದಂಗಾಯ್ತು, ಬಾ ಕಾಫಿ ಕುಡಿ’ ಅಂದ್ರು,” ಎಂದು ನೆನೆಯುತ್ತಾರೆ ಜ್ಯೋತಿಲಕ್ಷ್ಮಿ. ಹದಿನಾಲ್ಕು ದಿನಗಳ ನಂತರ ಅವರು ತಂಬಿಟ್ಟಿನ ದೀಪ ಹೊತ್ತು ಗುಡಿಗೆ ನಡೆದರು. ಮದುವೆಯಾದ ಮೇಲೆ ಮಾತ್ರೆಯಿಲ್ಲದೆ ಹೊತ್ತ ಮೊದಲ ದೀಪ ಅದು.

ಅಲ್ಲಿಂದೀಚೆಗೆ ಮುಟ್ಟು ಮೂವತ್ತು, ಮೂವತ್ತೊಂದು ದಿನ ದಾಟಿಲ್ಲ. ಚಿಕಿತ್ಸೆ ನಡೆಯುತ್ತಿದೆ. ಡೇರಿಯ ಸಾಲಿನಲ್ಲೂ ಒಂದು ಬದಲಾವಣೆ ಕಾಣುತ್ತದೆ. ಕ್ಯಾನು ತೂಗುವ ನೆಪದಲ್ಲಿ ಹುಡುಗಿಯರು ಹತ್ತಿರ ಬಂದು ಕಿವಿಯಲ್ಲಿ ಏನೋ ಕೇಳುತ್ತಾರೆ. ಗುರುವಾರ ಬೆಳಗಿನ ಹಾಲಿನ ಲಾರಿ ಹೋದ ಮೇಲೆ, ಒಂಟಿಯಾಗಿ ಆಸ್ಪತ್ರೆಗೆ ಹೋಗಲು ಅಂಜುವವರನ್ನು ಜ್ಯೋತಿಲಕ್ಷ್ಮಿ ತಾವೇ ಕರೆದುಕೊಂಡು ಹೋಗುತ್ತಾರೆ. ಇದುವರೆಗೆ ಒಂಬತ್ತು ಮಂದಿ. ಅವರು ಹಾಕುವ ಷರತ್ತು ಒಂದೇ: “ನುಂಗಿರೋದೆಲ್ಲ ಬ್ಯಾಗಲ್ಲಿ ಹಾಕ್ಕೊಂಡ್ ಬನ್ನಿ. ಪೂಜೆ ಮಾತ್ರೇನೂ ಸೇರಿಸಿ. ಊರೋರ ಹಾಲಲ್ಲಿ ನೀರು ಹಿಡಿಯೋಳು ನಾನು, ನನ್ ಮಾತಲ್ಲೇ ನೀರಿತ್ತು.”

ಏಳೂಕಾಲು. ಸಾಲಿನ ಕೊನೆಯಲ್ಲಿ ಲಕ್ಕಮ್ಮ ಕ್ಯಾನು ಇಳಿಸುತ್ತಾರೆ. ಅತ್ತೆಯೆಂಬ ರಿಯಾಯಿತಿ ಇಲ್ಲ. ಕಡ್ಡಿ ಇಳಿಯುತ್ತದೆ, ತೇಲುತ್ತದೆ, ನಿಲ್ಲುತ್ತದೆ. ಇಪ್ಪತ್ತೊಂಬತ್ತು. ಲಕ್ಕಮ್ಮನ ಮುಖ ಅರಳುತ್ತದೆ.

ಏನಾದರೂ ಆಸೆ ಇದೆಯೇ ಎಂದರೆ ಜ್ಯೋತಿಲಕ್ಷ್ಮಿ ಜಾಡಿ ತೊಳೆಯುತ್ತಾ ಗೋಡೆಯ ಕ್ಯಾಲೆಂಡರಿನತ್ತ ನೋಡುತ್ತಾರೆ.

“ಈ ಸಲದ ಕಾರ್ತಿಕದ ದೀಪ ನಾನು ಹೊರ್ಬಾರ್ದು. ತಲೆಗೆ ಬಟ್ಟೆ ಕಟ್ಕೊಂಡು, ಕಿವಿಗೆ ಹತ್ತಿ ಇಟ್ಕೊಂಡು ಬಾಣಂತಿ ಕೋಣೇಲಿ ಕೂತಿರ್ಬೇಕು. ದೀಪ ನಮ್ಮತ್ತೆ ಹೊರ್ಲಿ.”

ಖಾಲಿ ಕ್ಯಾನು ಸೊಂಟಕ್ಕೇರಿಸಿ ಹೊರಟಿದ್ದ ಲಕ್ಕಮ್ಮ ಬಾಗಿಲಲ್ಲೇ ನಿಂತು ತಿರುಗುತ್ತಾರೆ.

“ಹೊರ್ತೀನಿ ಕಣೇ. ಮೊಣಕಾಲು ಬಿದ್ದೋದ್ರೂ ಸೈ, ಹೊರ್ತೀನಿ.”