ಎಕ್ಸ್‌ರೇ ಕೋಣೆಯ ಅಣ್ಣ

ಮಕ್ಕಳೇ, ಬೀದರಿನ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುವವರೊಬ್ಬರಿದ್ದರು. "ನಾ ಡಾಕ್ಟರ್ ಅಲ್ಲರಿ" ಎಂದು ಕೈಮುಗಿದು, ಭಾಲ್ಕಿ, ಔರಾದದಿಂದ ಬಂದವರಿಗೆಲ್ಲ ಸಲಹೆ ಕೊಡುತ್ತಿದ್ದರು.

ಹದಿಮೂರನೇ ವಯಸ್ಸಿನಲ್ಲಿ ನನ್ನ ಮಗಳ, ಅಂದರೆ ನಿಮ್ಮ ಅವ್ವನ, ಬೆನ್ನೆಲುಬು ಪಕ್ಕಕ್ಕೆ ಬಾಗುತ್ತಿತ್ತು. ಆ ಆಸ್ಪತ್ರೆಯ ಸರ್ಜನ್, "ಪೂರಾ ನೆಟ್ಟಗ ಮಾಡ್ತೇನಿ, ಚಿಂತಿ ಬ್ಯಾಡ" ಎಂದಿದ್ದರು. ಹೈದರಾಬಾದಿನ ಸರ್ಜನ್ ಆಪರೇಷನ್ನಿನ ಅಪಾಯಗಳನ್ನೆಲ್ಲ ಹೇಳಿ ನನ್ನನ್ನು ಅಳಿಸಿದ್ದರು.

ನಾಚಿಕೆ ಬಿಟ್ಟು, ನಾನು ಅತ್ತದ್ದನ್ನೂ ಸೇರಿಸಿ ಎಲ್ಲ ಹೇಳಿ, ಎಕ್ಸ್‌ರೇಯವರನ್ನು ಕೇಳಿದೆ: "ಅಣ್ಣಾರ, ಯಾರ ಕಡಿ ಮಾಡಸ್ಲಿರಿ?"

ಅವರು ಬಾಗಿಲು ಮುಚ್ಚಿದರು. "ಅಳಿಸಿದವರ ಕಡಿನೇ ಹೋಗ್ರಿ ಅಕ್ಕಾ. ನಮ್ಮ ಸಾಹೇಬರು ನೆಟ್ಟಗ ಮಾಡಿದ ಎಷ್ಟೋ ಬೆನ್ನು ಮತ್ತ ಸೊಟ್ಟಾಗಿ ನನ್ನ ಮಷೀನಿಗೇ ಬರ್ತಾವ."

ಆಮೇಲೆ ಬಾಗಿಲು ತೆರೆದು, ಹೊರಗೆಲ್ಲ ಕೇಳುವ ಹಾಗೆ, "ನಮ್ಮ ಸಾಹೇಬರಂಥ ಸರ್ಜನ್ ಎಲ್ಲೂ ಸಿಗಂಗಿಲ್ಲರಿ!" ಎಂದರು.

ಮರುದಿನವೇ ನಾವು ಹೈದರಾಬಾದಿನ ಬಸ್ ಹತ್ತಿದೆವು.