ಸೋಡಾ ಹಂಡೆಯ ನೀರು

ಅಕ್ಕ, ನಿನ್ನ ಮುಖ ಸುಟ್ಟವಳು ನಾನು. ನಸೀಮಾ ಅಲ್ಲ. ಇಷ್ಟು ವರ್ಷ ಅವಳ ಹೆಸರು ಹಿಡಿದು ಶಾಪ ಹಾಕುತ್ತಿದ್ದೀಯಲ್ಲ — ಆ ಶಾಪವೆಲ್ಲ ನನಗೆ ಸೇರಬೇಕಾದದ್ದು. ಓರಗಿತ್ತಿಯಾದರೂ ನಿನ್ನನ್ನು ಅಕ್ಕ ಅಂತಲೇ ಕರೆದವಳು ನಾನು. ಹಾಗೆ ಕರೆಯುತ್ತಲೇ ಮಾಡಿದೆ.

ಬಿಡದಿಯ ಸುತ್ತ ಕಾರ್ಖಾನೆಗಳು ಏಳುತ್ತಿದ್ದ ಕಾಲ. ಭಾವ ಅಲ್ಲಿ ಆಳು ಒದಗಿಸುವ ಮೇಸ್ತ್ರಿಯಾಗಿ ಇಸ್ತ್ರಿ ಶರ್ಟು ಹಾಕತೊಡಗಿದ ಮೇಲೆ, ನಿನ್ನ ಜೊತೆ ನಿಂತರೆ ಜನ ತಾಯಿ ಮಗ ಅನ್ನುತ್ತಾರೆ ಅಂತ ಎಲ್ಲರೆದುರು ಹಂಗಿಸುತ್ತಿದ್ದರು. ನೀನು ಅಂಗಡಿಯ ಕ್ರೀಮೆಲ್ಲ ಬಳಿದು ನೋಡಿದೆ. ಸುಕ್ಕು ಹೋಗಲಿಲ್ಲ. ಆ ಸಿಟ್ಟು ನನ್ನ ಮೇಲೆ ತಿರುಗಿತು. ಒಂದು ದಿನ ಮನೆಯ ಬೀಗದ ಕೈ ನನ್ನ ಸೆರಗಿನ ಗಂಟಿನಲ್ಲೇ ಉಳಿದುಹೋಗಿತ್ತು. ನಾನು ರೇಷ್ಮೆ ನೂಲು ತೆಗೆಯುತ್ತಿದ್ದ ರಾಮನಗರದ ಫಿಲೇಚರಿಗೇ ನೀನು ಬಂದು ನನ್ನ ಕಪಾಳಕ್ಕೆ ಬಾರಿಸಿ, ‘ಗೊಡ್ಡು ಎಮ್ಮೆ’ ಅಂದೆ. ಹೆಂಗಸರೆಲ್ಲ ನೋಡಿದರು. ಏಟು ಮರೆತೆ, ಅಕ್ಕ. ಆ ಮಾತು — ಅದು ಗಂಟಲಿಂದ ಕೆಳಗಿಳಿಯಲೇ ಇಲ್ಲ.

ಎರಡೇ ದಿನಕ್ಕೆ ನೀನೇ ಬೆಲ್ಲದಂಥ ಮಾತಾಡಿಕೊಂಡು ಬಂದೆ. ರೇಷ್ಮೆಗೂಡು ಬೇಯಿಸಿದ ನೀರಿನ ಅಂಟು ಹಚ್ಚಿದರೆ ಚರ್ಮ ಬಿಗಿಯಾಗುತ್ತದೆ ಅಂತ ನಮ್ಮ ಹೆಂಗಸರು ಸೀಸೆಯಲ್ಲಿ ಒಯ್ಯುತ್ತಿದ್ದರು. ಮುಖದ ಕ್ರೀಮಿಗೆ ಅಂತ ಯಾವುದೋ ಕಂಪನಿಯವರೂ ಕ್ಯಾನುಗಳಲ್ಲಿ ತುಂಬಿಸಿಕೊಂಡು ಹೋಗುತ್ತಿದ್ದರು. ನಿನಗೂ ಒಸಿ ಬೇಕಿತ್ತು. ನನ್ನ ಪಕ್ಕದಲ್ಲಿ ಕೂರುತ್ತಿದ್ದ ನಸೀಮಾ ಸೀಸೆ ತೊಳೆದುಕೊಟ್ಟು, ‘ಸೋಡಾ ಹಂಡೆ ತಾವ ಹೋಗ್ಬ್ಯಾಡ ಕಣಮ್ಮ, ಚರ್ಮ ಕಿತ್ಕಂಡ್ ಬತ್ತೈತೆ’ ಅಂದಳು. ಆ ಹಂಡೆಯಲ್ಲಿ ಕಾಸ್ಟಿಕ್ ಸೋಡಾ ಹಾಕಿ ಚಿಂದಿ ರೇಷ್ಮೆ ಬೇಯಿಸುತ್ತಿದ್ದರು. ನೋಡಲು ಎರಡೂ ಒಂದೇ ಥರದ ಕಲಗಚ್ಚು. ತಪ್ಪಿ ತುಂಬಿದೆ ಅನ್ನಬಹುದಿತ್ತು — ಇಲ್ಲ. ಸೋಡಾ ಹಂಡೆಯದನ್ನೇ, ನೋಡಿಕೊಂಡೇ ತುಂಬಿದೆ.

ಸಂಜೆ ನೀನು ಹಚ್ಚಿಕೊಂಡು ಉರಿ ಅಂದಾಗ, ಉರಿದರೇ ಒಳ್ಳೆಯದು, ತಡೆದುಕೋ ಅಂದವಳೂ ನಾನೇ. ಹಲ್ಲು ಕಚ್ಚಿ ಕೂತೆ ನೀನು. ಒರೆಸಲು ಹೋದರೆ ಎಡಗೆನ್ನೆಯ ಚರ್ಮ ಬಟ್ಟೆಗೆ ಅಂಟಿ ಬಂತು.

ಮರುದಿನ ಬೆಳಿಗ್ಗೆ ಭಾವ ಫಿಲೇಚರಿಗೆ ನುಗ್ಗಿ, ಆ ನೀರು ಕೊಟ್ಟವರು ಯಾರು ಅಂತ ನನ್ನ ಜುಟ್ಟು ಹಿಡಿದರು.

‘ನಸೀಮಾ ಕೊಟ್ಳು,’ ಅಂದೆ.

ಎರಡೇ ಮಾತು. ನಿನ್ನ ಮುಖವನ್ನು ಹಂಗಿಸುತ್ತಿದ್ದ ಮನುಷ್ಯ ಅದೇ ಮುಖಕ್ಕಾಗಿ ಅವಳ ಎರಡೂ ಕೈ ಹಿಡಿದು ಗೂಡು ಕುದಿಯುತ್ತಿದ್ದ ಬೇಸಿನ್ನಿಗೆ ಅದುಮಿದರು. ಅವಳು ಕಿರುಚುತ್ತ ನನ್ನನ್ನೇ ನೋಡಿದಳು. ನಾನು ತಲೆ ತಗ್ಗಿಸಿ ಗೂಡು ಆರಿಸುತ್ತ ಕೂತೆ. ಕೇಸಾಗಲಿಲ್ಲ, ಊರ ದೊಡ್ಡವರು ರಾಜಿ ಮಾಡಿಸಿದರು.

ಗೂಡಿನಿಂದ ಎಳೆ ಎತ್ತುವುದರಲ್ಲಿ ಅವಳಷ್ಟು ಚುರುಕಿನವರು ಅಲ್ಲಿ ಯಾರೂ ಇರಲಿಲ್ಲ. ಬೆರಳುಗಳು ಮಡಚಿಕೊಂಡೇ ಉಳಿದವು. ಈಗ ಸೊಸೆ ತುತ್ತಿಡುತ್ತಾಳಂತೆ. ನೀನು ಇವತ್ತಿಗೂ ಎಡಗೆನ್ನೆಯ ಮೇಲೆ ಸೆರಗು ಎಳೆದುಕೊಂಡು ನನಗೆ ಬಡಿಸುತ್ತೀ, ನನ್ನ ಕಷ್ಟಕ್ಕಾದವಳು ನೀನೊಬ್ಬಳೇ ಅನ್ನುತ್ತೀ. ಆ ಅನ್ನವನ್ನು ನಾನು ಹೇಗೆ —

ಸೀಸೆ ತುಂಬಿದ್ದು ನಾನು ಅಂತ ನಸೀಮಾಗೆ ಗೊತ್ತಿತ್ತು. ಕೈ ಬೇಯುವಾಗಲೂ ಅವಳು ನನ್ನ ಹೆಸರು ಹೇಳಲಿಲ್ಲ. ಯಾಕೆ ಅಂತ ಕೇಳುವ ಧೈರ್ಯ ನನಗೆ ಇಷ್ಟು ವರ್ಷ ಬರಲಿಲ್ಲ. ನಾಳೆ ಅವಳ ಮನೆಗೆ ಹೋಗುತ್ತೇನೆ. ಹೊಡಿ ಅಂದರೆ ಹೊಡೆಯಲು ಅವಳಿಗೆ ಕೈ ಏಳುವುದಿಲ್ಲ.

ನೀನೂ ಬಾ, ಅಕ್ಕ. ನಿನ್ನ ಕೈ ಇನ್ನೂ ಗಟ್ಟಿಯಾಗಿದೆ. ಅವಳ ಪಾಲಿನದನ್ನೂ ನೀನೇ ಹೊಡಿ.